ಮಾಸ್ಕ್ ಮತ್ತು ಭೇದ: ಬಿಂಬವನ್ನು ಬಿಡಿಸಿ ನೋಡುವ ಬಗೆ

ಒಂದು ವಸ್ತುವಿನಲ್ಲಿ ತೋರುವ ಗುಣಗಳನ್ನು ಒಂದೊಂದಾಗಿ ಬಿಡಿಸಿದಾಗ ಸಿಗುವ ಭೇದಗಳು ಆ ವಸ್ತುವಿಗೇ ಸೇರಿದವೋ ಅಥವಾ ಬಿಡಿಸಿದವನ ಬುದ್ಧಿಯ ಕಲ್ಪನೆಯೋ ಎಂಬ ಪ್ರಶ್ನೆ ಭಾರತೀಯ ದರ್ಶನಗಳಲ್ಲಿ ಬಹಳ ಹಳೆಯದು. ಅದಕ್ಕೆ ಬಂದ ಉತ್ತರಗಳಲ್ಲಿ ಕೆಲವು ಭೀಮೆ-ಕೃಷ್ಣೆಯರ ಆಸುಪಾಸಿನ ನೆಲದಲ್ಲಿ ಬೇರೂರಿದವು. ಕೊಂಕಲ್, ಯಾದಗಿರಿ, ಶಹಾಪುರ, ಸುರಪುರಗಳ ಈ ಸೀಮೆಗೆ ಹೊಂದಿಕೊಂಡಂತೆ ಸನ್ನತಿ-ಕನಗನಹಳ್ಳಿಯ ಬೌದ್ಧ ಸ್ತೂಪವಿದೆ, ಅಷ್ಟೇನೂ ದೂರವಲ್ಲದ ಮಳಖೇಡವು ಜೈನ ಪಂಡಿತರಿಗೆ ಆಶ್ರಯವಿತ್ತ ರಾಷ್ಟ್ರಕೂಟರ ರಾಜಧಾನಿಯಾಗಿತ್ತು, ಮತ್ತು ಸುರಪುರ ಸೀಮೆಯ ಮುದನೂರು ಆದ್ಯ ವಚನಕಾರನೆಂದು ಹೆಸರಾದ ದೇವರ ದಾಸಿಮಯ್ಯನ ಊರು. ಈ ಹಳೆಯ ಪ್ರಶ್ನೆ ಇಂದು ಯಾರೂ ನಿರೀಕ್ಷಿಸದ ಒಂದು ಕಸುಬಿನಲ್ಲಿ ದಿನನಿತ್ಯದ ಕೆಲಸವಾಗಿ ಮರಳಿ ಬಂದಿದೆ. ಚಲನಚಿತ್ರಗಳಿಗಾಗಿ ಕಂಪ್ಯೂಟರಿನಲ್ಲಿ ಬಿಂಬಗಳನ್ನು ಕೂಡಿಸುವ ಕಾಂಪೊಸಿಟಿಂಗ್ ಆ ಕಸುಬು. ಅಲ್ಲಿ ರೆಂಡರ್ ಪಾಸ್‌ಗಳನ್ನು ಮಾಸ್ಕ್‌ಗಳಾಗಿ ಬಳಸುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ, ದರ್ಶನಗ್ರಂಥಗಳಲ್ಲಿ ಒಣ ತರ್ಕದಂತೆ ತೋರುವ ಕೆಲವು ವಾದಗಳು ಏಕೆ ಅಷ್ಟು ಹಟದಿಂದ ನಡೆದವೆಂಬುದು ಸ್ಪಷ್ಟವಾಗುತ್ತದೆ.

ಕಂಪ್ಯೂಟರಿನೊಳಗೆ ಕಟ್ಟಿದ ಒಂದು ದೃಶ್ಯಕ್ಕೆ ಬೆಳಕು ಮತ್ತು ಕ್ಯಾಮೆರಾಗಳನ್ನು ನಿಗದಿಪಡಿಸಿ, ಅಲ್ಲಿಂದ ಕಾಣುವ ಚಿತ್ರವನ್ನು ಲೆಕ್ಕ ಹಾಕಿ ಪಡೆಯುವುದಕ್ಕೆ ರೆಂಡರಿಂಗ್ ಎಂದು ಹೆಸರು. ಸಿದ್ಧವಾದ ಪೂರ್ಣ ಚಿತ್ರವನ್ನು ಬ್ಯೂಟಿ ಪಾಸ್ ಎನ್ನುತ್ತಾರೆ. ಆದರೆ ಅದೇ ಲೆಕ್ಕದ ನಡುವೆ, ಮೇಲ್ಮೈಯಿಂದ ಎಲ್ಲ ದಿಕ್ಕಿಗೂ ಚದುರಿದ ಬೆಳಕನ್ನು ಡಿಫ್ಯೂಸ್ ಪಾಸ್ ಎಂದೂ, ಹೊಳಪಾಗಿ ಪುಟಿದ ಬೆಳಕನ್ನು ಸ್ಪೆಕ್ಯುಲರ್ ಪಾಸ್ ಎಂದೂ, ವಸ್ತು ತಾನೇ ಸೂಸಿದ ಬೆಳಕನ್ನು ಎಮಿಷನ್ ಪಾಸ್ ಎಂದೂ ಬೇರೆಬೇರೆ ಪದರಗಳಲ್ಲಿ ಬರೆದಿಡಬಹುದು. ಇವಲ್ಲದೆ ಇನ್ನೊಂದು ಜಾತಿಯ ಪಾಸ್‌ಗಳಿವೆ. ಪ್ರತಿ ಬಿಂದುವೂ ಕ್ಯಾಮೆರಾದಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಡೆಪ್ತ್ ಪಾಸ್ ಹೇಳುತ್ತದೆ, ಅಲ್ಲಿನ ಮೇಲ್ಮೈ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನು ನಾರ್ಮಲ್ ಪಾಸ್ ಹೇಳುತ್ತದೆ, ಅದು ಯಾವ ವಸ್ತುವಿಗೆ ಸೇರಿದ್ದೆಂಬುದನ್ನು ಐಡಿ ಪಾಸ್ ಹೇಳುತ್ತದೆ. ಮೊದಲ ಜಾತಿಯವು ಬೆಳಕಿನ ಪಾಲುಗಳಾದ್ದರಿಂದ ಕೂಡಿದರೆ ಚಿತ್ರವಾಗುತ್ತವೆ. ಎರಡನೆಯವನ್ನು ಎಷ್ಟು ಕೂಡಿದರೂ ಚಿತ್ರವಾಗುವುದಿಲ್ಲ, ಏಕೆಂದರೆ ಅವು ಚಿತ್ರದ ಕುರಿತಾದ ತಿಳಿವಳಿಕೆಯೇ ಹೊರತು ಚಿತ್ರದ ತುಂಡುಗಳಲ್ಲ.

ಮಾಸ್ಕ್ ಎಂಬುದು ಕಪ್ಪು-ಬಿಳುಪಿನ ಒಂದು ಬಿಂಬ. ಬಿಳಿಯಿದ್ದಲ್ಲಿ ತಿದ್ದುಪಡಿ ಪೂರ್ಣವಾಗಿ ತಾಗುತ್ತದೆ, ಕಪ್ಪಿದ್ದಲ್ಲಿ ತಾಗುವುದೇ ಇಲ್ಲ, ನಡುವಣ ಬೂದು ಛಾಯೆಗಳಲ್ಲಿ ಅಷ್ಟಷ್ಟರ ಮಟ್ಟಿಗೆ ತಾಗುತ್ತದೆ. ಎಂದರೆ ಪ್ರತಿ ಬಿಂದುವಿನಲ್ಲೂ 0 ಮತ್ತು 1ರ ನಡುವಿನ ಒಂದು ಸಂಖ್ಯೆ ಕುಳಿತು, ಹೊಸದಕ್ಕೆ ಎಷ್ಟು ಪಾಲು, ಹಳೆಯದಕ್ಕೆ ಎಷ್ಟು ಪಾಲು ಎಂದು ಹಂಚಿಕೊಡುತ್ತದೆ. ಇಂಥ ಸಂಖ್ಯೆಯನ್ನು ಬಣ್ಣದ ಜೊತೆಗೇ ನಾಲ್ಕನೆಯ ವಾಹಿನಿಯಾಗಿ ಕೊಂಡೊಯ್ಯುವ ಆಲ್ಫಾ ಎಂಬ ಕಲ್ಪನೆಯನ್ನು 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್ಮಲ್ ರೂಪಿಸಿದರು. ಬಿಂಬದ ಮೇಲೆ ಬಿಂಬ ಕೂಡುವ ಬಗೆಗಳಿಗೆ ಬೀಜಗಣಿತದ ರೂಪವನ್ನು ಲ್ಯೂಕಸ್‌ಫಿಲ್ಮ್ ಸಂಸ್ಥೆಯ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರ ಪ್ರಬಂಧದಲ್ಲಿ ಕೊಟ್ಟರು. ಕರ್ನಾಟಕ ಸರ್ಕಾರ ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್ ಮತ್ತು ಕಾಮಿಕ್ಸ್ ಕ್ಷೇತ್ರಕ್ಕೆಂದೇ 2012ರಲ್ಲಿ ಒಂದು ನೀತಿಯನ್ನು ತಂದಿತೆಂಬುದನ್ನು ನೆನೆದರೆ, ಈ ಕಸುಬು ಕನ್ನಡ ನಾಡಿಗೆ ಹೊರಗಿನದೇನೂ ಅಲ್ಲವೆಂದು ತಿಳಿಯುತ್ತದೆ.

ಮಾಸ್ಕನ್ನು ಕೈಯಿಂದಲೂ ಬಿಡಿಸಬಹುದು. ಅದು ಹೊರಗಿನಿಂದ ಹಾಕಿದ ಗಡಿ. ಪಾಸ್‌ನಿಂದ ತೆಗೆದ ಮಾಸ್ಕಿನ ವಿಶೇಷವೆಂದರೆ, ಅದು ದೃಶ್ಯದ ಒಳಗಿನ ಲೆಕ್ಕದಿಂದಲೇ ಹುಟ್ಟಿರುತ್ತದೆ. ಶಹಾಪುರದ ಬೆಟ್ಟಗಳಂಥ ಗ್ರಾನೈಟ್ ಬಂಡೆಗಳ ರಾಶಿಯೊಂದನ್ನು ಕಂಪ್ಯೂಟರಿನಲ್ಲಿ ಕಟ್ಟಿ, ರೆಂಡರ್ ಮುಗಿದ ಮೇಲೆ ಬಂಡೆಗಳ ನೆತ್ತಿಗೆ ಮಾತ್ರ ಬೇಸಿಗೆಯ ದೂಳು ಕೂರಿಸಬೇಕೆಂದು ನಿರ್ದೇಶಕ ಕೇಳಿದನೆಂದು ಇಟ್ಟುಕೊಂಡರೆ, ಕಸುಬುದಾರ ಬಂಡೆಗಳನ್ನು ಒಂದೊಂದಾಗಿ ಗೆರೆ ಎಳೆದು ಕತ್ತರಿಸಲು ಕೂರುವುದಿಲ್ಲ. ನಾರ್ಮಲ್ ಪಾಸ್‌ನಲ್ಲಿ ದಿಕ್ಕುಗಳು ಬಣ್ಣಗಳಾಗಿ ಬರೆಯಲ್ಪಟ್ಟಿರುತ್ತವೆ: ಎಡ-ಬಲ ಕೆಂಪಿನಲ್ಲಿ, ಮೇಲು-ಕೆಳಗು ಹಸಿರಿನಲ್ಲಿ, ಮುಂದು-ಹಿಂದು ನೀಲಿಯಲ್ಲಿ; ಕೆಲವು ತಂತ್ರಾಂಶಗಳಲ್ಲಿ ಮೇಲು-ಕೆಳಗಿಗೆ ನೀಲಿಯನ್ನೇ ಮೀಸಲಿಡುವುದೂ ಉಂಟು. ಅದರಿಂದ ಹಸಿರು ವಾಹಿನಿಯನ್ನಷ್ಟೇ ಎತ್ತಿಕೊಂಡು, ಅದರ ಕಡಿಮೆ ಬೆಲೆಗಳನ್ನು ಕಪ್ಪಿಗೆ ತಳ್ಳಿದರೆ, ಆಕಾಶಕ್ಕೆ ಮುಖ ಮಾಡಿದ ಮೇಲ್ಮೈಗಳೆಲ್ಲ ಬಿಳುಪಾಗಿ ಉಳಿಯುತ್ತವೆ, ಕಡಿದಾದ ಬದಿಗಳು ಬೂದಾಗುತ್ತವೆ, ಚಾಚಿದ ಬಂಡೆಯ ತಳಗಳು ಕಪ್ಪಾಗುತ್ತವೆ. ಆ ಮಾಸ್ಕಿನ ಮೂಲಕ ಹಾಯಿಸಿದ ಮಣ್ಣಿನ ಬಣ್ಣ ದೂಳು ನಿಜವಾಗಿ ಎಲ್ಲಿ ಕೂರುತ್ತದೆಯೋ ಅಲ್ಲಿಯೇ ಕೂರುತ್ತದೆ. ಕೆಲಸ ಮುಗಿದ ಮೇಲೆ ನಾರ್ಮಲ್ ಪಾಸ್ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ನೋಡಲೆಂದು ಮಾಡಿದ ಬಿಂಬವೇ ಅಲ್ಲ. ನೋಡುವ ಬಿಂಬದಲ್ಲಿ ಎಲ್ಲಿ ಏನು ಆಗಬೇಕೆಂದು ಹೇಳಲು ಮಾಡಿದ ಬಿಂಬ.

ಇಲ್ಲಿ ಅದ್ವೈತಿಗೆ ತನ್ನ ಮನೆಯ ಮಾತು ಕೇಳಿಸದೆ ಇರದು. ಶಂಕರರ ಪರಂಪರೆಯಲ್ಲಿ ಉಪಾಧಿ ಎಂದರೆ ತಾನು ವಸ್ತುವಿನ ಸ್ವರೂಪಕ್ಕೆ ಸೇರದೆ, ವಸ್ತುವನ್ನು ಬೇರೆಯಾಗಿ ತೋರಿಸುವ ಮಿತಿ. ಕೆಂಪು ಹೂವಿನ ಪಕ್ಕದಲ್ಲಿಟ್ಟ ಸ್ಫಟಿಕ ಕೆಂಪಾಗಿ ತೋರುವುದು ಅದರ ಪ್ರಸಿದ್ಧ ದೃಷ್ಟಾಂತ. ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು ಕಟ್ಟಿದ ಸಚ್ಚಿದಾನಂದೇಂದ್ರ ಸರಸ್ವತಿಗಳು (1880–1975) ಕನ್ನಡ ಮತ್ತು ಸಂಸ್ಕೃತಗಳಲ್ಲಿ ಬರೆದ ಗ್ರಂಥಗಳುದ್ದಕ್ಕೂ ವೇದಾಂತದ ನಿಜವಾದ ಪ್ರಕ್ರಿಯೆ ಅಧ್ಯಾರೋಪ-ಅಪವಾದ ಒಂದೇ ಎಂದು ಸಾಧಿಸಿದರು. ಬೋಧನೆಗಾಗಿ ಒಂದು ಧರ್ಮವನ್ನು ತಿಳಿದೂ ತಿಳಿದೇ ಬ್ರಹ್ಮದ ಮೇಲೆ ಹೊರಿಸುವುದು ಅಧ್ಯಾರೋಪ. ಅದರ ಕೆಲಸ ಮುಗಿದೊಡನೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಅಪವಾದ. ಬಂಡೆಗಳ ಮೇಲೆ ದೂಳು ಕೂರಿಸಿ ಕಾಣೆಯಾಗುವ ಮಾಸ್ಕ್ ಈ ಪ್ರಕ್ರಿಯೆಗೆ ಹೊಂದುತ್ತದೆ. ಅವಿದ್ಯೆಯನ್ನು ಬ್ರಹ್ಮವನ್ನು ಆಶ್ರಯಿಸಿರುವ ಒಂದು ಭಾವರೂಪದ ದ್ರವ್ಯವೆಂದು ಬಗೆದ ಉತ್ತರಕಾಲೀನ ವ್ಯಾಖ್ಯಾನಕಾರರನ್ನು ಅವರು ಖಂಡಿಸಿದ್ದೂ ಇದೇ ಜಾಡಿನದು: ಮಿತಿ ಎಂಬುದು ಬಳಕೆಯಲ್ಲಿ ಮಾತ್ರ ಇರುತ್ತದೆ, ಅದಕ್ಕೊಂದು ಪ್ರತ್ಯೇಕ ಇರವನ್ನು ಕೊಟ್ಟರೆ ಎರಡನೆಯದೊಂದನ್ನು ಒಪ್ಪಿಕೊಂಡಂತಾಗುತ್ತದೆ.

ಆದರೆ ಹೋಲಿಕೆಯನ್ನು ಕೊನೆಯವರೆಗೂ ಎಳೆಯಲಾಗದು. ಬ್ಯೂಟಿ ಪಾಸ್‌ನಿಂದ ಬೆಳಕಿನ ಪಾಲುಗಳನ್ನು ಒಂದೊಂದಾಗಿ ಕಳೆಯುತ್ತ ಹೋದರೆ ಕೊನೆಗೆ ಉಳಿಯುವುದು ಶುದ್ಧ ಕಪ್ಪು, ಎಂದರೆ ಸೊನ್ನೆ. ಅದ್ವೈತಿ ಹೇಳುವ ಸ್ವಪ್ರಕಾಶವಾದ ಶೇಷ ಅಲ್ಲಿಲ್ಲ. ಆ ಸೊನ್ನೆಯನ್ನು ನೋಡಿ ಬೌದ್ಧನೇ ಹೆಚ್ಚು ಸಮಾಧಾನಪಟ್ಟಾನು. ನಾಗಸೇನನು ಮಿಳಿಂದ ರಾಜನಿಗೆ ರಥದ ಅಂಗಗಳನ್ನು ಒಂದೊಂದಾಗಿ ಬಿಡಿಸಿ, ಅಂಗಗಳ ಆಚೆಗೆ ರಥವೆಂಬುದಿಲ್ಲವೆಂದು ತೋರಿಸಿದ ಬಗೆ ಇದೇ. ಅದ್ವೈತಿಯ ಮರುಮಾತೂ ಇದೆ: ಎಲ್ಲ ಪಾಸ್‌ಗಳೂ ಒಂದು ಕ್ಯಾಮೆರಾವನ್ನು ಅವಲಂಬಿಸಿವೆ, ಆದರೆ ಆ ಕ್ಯಾಮೆರಾ ಯಾವ ಪಾಸ್‌ನಲ್ಲಿಯೂ ಕಾಣುವುದಿಲ್ಲ, ಆದ್ದರಿಂದ ಎಲ್ಲವನ್ನೂ ಕಳೆದ ಮೇಲಿನ ಕಪ್ಪಿಗೂ ಒಬ್ಬ ಸಾಕ್ಷಿ ಇದ್ದೇ ಇರುತ್ತಾನೆ. ಮಾತು ಚತುರವಾದದ್ದು, ಆದರೆ ಪೂರ್ತಿ ನಿಲ್ಲುವುದಿಲ್ಲ. ಕ್ಯಾಮೆರಾಕ್ಕೆ ಒಂದು ನೆಲೆ, ಒಂದು ಕೋನ, ಒಂದು ಮಸೂರ ಇರುವುದರಿಂದ ಅದು ಅದ್ವೈತದ ಅಳತೆಯಲ್ಲೇ ಇನ್ನೊಂದು ಉಪಾಧಿ, ಸಾಕ್ಷಿಯಲ್ಲ.

ದ್ವೈತಿಯ ದಾರಿ ಬೇರೆ. ಮಧ್ವಮತದಲ್ಲಿ, ಜಯತೀರ್ಥರು ನ್ಯಾಯಸುಧೆಯಂಥ ಗ್ರಂಥಗಳಲ್ಲಿ ವಿವರಿಸಿದಂತೆ, ವಿಶೇಷ ಎಂಬುದು ವಸ್ತುವಿನಲ್ಲೇ ಇರುವ ಒಂದು ಶಕ್ತಿ. ಗುಣಗಳು ವಸ್ತುವಿನಿಂದ ಬೇರೆಯಲ್ಲದಿದ್ದರೂ ಅವನ್ನು ಬೇರೆಬೇರೆಯಾಗಿ ಎಣಿಸಲು, ಹೇಳಲು ಅದು ಅವಕಾಶ ಕೊಡುತ್ತದೆ. ಬೆಳಕಿನ ಪಾಸ್‌ಗಳು ಈ ಮಾತಿಗೆ ಒಳ್ಳೆಯ ನಿದರ್ಶನ. ಒಂದು ಬಿಂದುವಿನಲ್ಲಿ ಡಿಫ್ಯೂಸ್ ಪಾಲು 0.30, ಸ್ಪೆಕ್ಯುಲರ್ ಪಾಲು 0.12 ಇದ್ದರೆ ಬ್ಯೂಟಿ ಪಾಸ್‌ನಲ್ಲಿ 0.42 ಇರುತ್ತದೆ, ರೆಂಡರ್ ಎರಡು ಸಲ ನಡೆದಿರುವುದಿಲ್ಲ, ಬೆಳಕಿನ ಒಂದೇ ಲೆಕ್ಕ ನಡೆಯುತ್ತಿರುವಾಗ ಪ್ರತಿ ಕಿರಣ ಪುಟಿದ ಬಗೆಯನ್ನು ನೋಡಿ ಅದರ ಪಾಲನ್ನು ಆಯಾ ಕೋಣೆಗೆ ಹಾಕಲಾಗಿರುತ್ತದೆ. ಅಂದರೆ ಭೇದ ಚಿತ್ರ ಆದ ಮೇಲೆ ಹುಟ್ಟಿದ್ದಲ್ಲ, ಚಿತ್ರ ಆಗುವಾಗಲೇ ಇತ್ತು. ಇಷ್ಟರ ಮಟ್ಟಿಗೆ ದ್ವೈತಿ ಗೆಲ್ಲುತ್ತಾನೆ. ಹಾಗೆಂದು ಕೋಣೆಗಳ ಗಡಿ ಪ್ರಕೃತಿ ಎಳೆದದ್ದಲ್ಲ: ಚರ್ಮ, ಮೇಣ, ಎಲೆಗಳಂಥ ವಸ್ತುಗಳ ಒಳಹೊಕ್ಕು ಹೊರಬರುವ ಬೆಳಕನ್ನು ಒಂದು ತಂತ್ರಾಂಶ ಡಿಫ್ಯೂಸ್‌ನೊಳಗೇ ಸೇರಿಸಿದರೆ ಇನ್ನೊಂದು ಪ್ರತ್ಯೇಕ ಪಾಸ್ ಮಾಡುತ್ತದೆ, ಮತ್ತು ಎರಡರಲ್ಲಿಯೂ ಒಟ್ಟು ಚಿತ್ರ ಸರಿಯಾಗಿಯೇ ಬರುತ್ತದೆ.

ಈ ಸೀಮೆಯ ಎರಡು ಬೌದ್ಧ ನಿದರ್ಶನಗಳನ್ನು ಎದುರುಬದುರಿಟ್ಟರೆ ಪ್ರಶ್ನೆ ಇನ್ನಷ್ಟು ಹರಿತವಾಗುತ್ತದೆ. ಶಹಾಪುರದ ಬಳಿಯ ಬೆಟ್ಟಸಾಲನ್ನು ಜನ ಮಲಗಿದ ಬುದ್ಧನೆಂದು ಕರೆಯುತ್ತಾರೆ. ರಸ್ತೆಯ ಒಂದು ಕಡೆಯಿಂದ ನೋಡಿದಾಗ ತಲೆ, ಎದೆ, ಉದರ, ಕಾಲುಗಳ ಬಾಹ್ಯರೇಖೆ ಆಕಾಶದ ಮೇಲೆ ಸ್ಪಷ್ಟವಾಗಿ ಮೂಡುತ್ತದೆ. ಅಲ್ಲಿ ಬುದ್ಧನನ್ನು ಯಾರೂ ಕೆತ್ತಿಲ್ಲ. ಬೇರೆಬೇರೆ ದೂರದಲ್ಲಿರುವ ಬೆಟ್ಟಗಳು ಒಂದು ನೋಟದಲ್ಲಿ ಒಂದರ ಹಿಂದೊಂದು ಸೇರಿಕೊಂಡು ಒಂದೇ ಅಂಚಾಗುತ್ತವೆ. ಅವುಗಳ ದೂರದ ಭೇದವನ್ನು ಕಣ್ಣು ಕೈಬಿಟ್ಟು ಅಂಚನ್ನು ಮಾತ್ರ ಹಿಡಿಯುವುದರಿಂದಲೇ ಆಕೃತಿ ಹುಟ್ಟುತ್ತದೆ. ಕಸುಬಿನ ಮಾತಿನಲ್ಲಿ ಹೇಳುವುದಾದರೆ, ಬುದ್ಧನು ಆ ಬೆಟ್ಟಗಳ ಮಾಸ್ಕಿನಲ್ಲಿದ್ದಾನೆ, ಡೆಪ್ತ್ ಪಾಸ್‌ನಲ್ಲಿಲ್ಲ. ನೋಡುವವನು ನಡೆದು ಪಕ್ಕಕ್ಕೆ ಹೋದರೆ ಬೆಟ್ಟಗಳು ಉಳಿಯುತ್ತವೆ, ಬುದ್ಧ ಉಳಿಯುವುದಿಲ್ಲ.

ಭೀಮಾ ತೀರದ ಕನಗನಹಳ್ಳಿಯಲ್ಲಿ ಇದಕ್ಕೆ ತದ್ವಿರುದ್ಧವಾದದ್ದು ನಡೆದಿದೆ. 1990ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಇಲಾಖೆಯ ಉತ್ಖನನದಲ್ಲಿ ಬೆಳಕಿಗೆ ಬಂದ ಮಹಾಸ್ತೂಪದ ಶಿಲಾಫಲಕಗಳಲ್ಲಿ ಹಲವೆಡೆ ಬುದ್ಧನ ದೇಹವನ್ನು ತೋರಿಸದೆ ಬರಿದಾದ ಆಸನ, ಪಾದಗಳ ಗುರುತು, ಬೋಧಿವೃಕ್ಷ, ಧರ್ಮಚಕ್ರಗಳನ್ನು ಕೆತ್ತಲಾಗಿದೆ, ಮತ್ತು ಸುತ್ತ ನಿಂತ ಜನ ಆ ಬರಿದಾದ ಎಡೆಗೆ ಕೈಮುಗಿದಿದ್ದಾರೆ. ಕಾಂಪೊಸಿಟಿಂಗ್‌ನಲ್ಲಿ ಹೋಲ್ಡ್‌ಔಟ್ ಎಂಬ ಒಂದು ವಿಧಾನವಿದೆ: ವಸ್ತು ತಾನು ಚಿತ್ರದಲ್ಲಿ ಮೂಡುವುದಿಲ್ಲ, ಆದರೆ ತನ್ನ ಹಿಂದಿನದನ್ನೆಲ್ಲ ತನ್ನ ಆಕಾರದಷ್ಟು ಕತ್ತರಿಸಿ, ಅಲ್ಲೊಂದು ಬರಿದಾದ ಎಡೆಯನ್ನು ಬಿಡುತ್ತದೆ. ಕನಗನಹಳ್ಳಿಯ ಶಿಲ್ಪಿ ಬುದ್ಧನನ್ನು ಹೋಲ್ಡ್‌ಔಟ್ ಆಗಿ ಇಟ್ಟ. ಸುತ್ತಲಿನ ಎಲ್ಲವೂ ಅವನಿಂದಲೇ ತನ್ನ ಜಾಗವನ್ನು ಪಡೆದಿದೆ. ಶಹಾಪುರದಲ್ಲಿ ರೇಖೆಯಿದೆ, ಬುದ್ಧನಿಲ್ಲ. ಕನಗನಹಳ್ಳಿಯಲ್ಲಿ ಬುದ್ಧನಿದ್ದಾನೆ, ರೇಖೆಯಿಲ್ಲ. ದಿಙ್ನಾಗನಿಂದ ಮುಂದಿನ ಬೌದ್ಧ ತಾರ್ಕಿಕರು ಹೇಳಿದ ಅಪೋಹವಾದ, ಎಂದರೆ ಒಂದು ಪದ ತನ್ನ ಅರ್ಥವನ್ನು ನೇರವಾಗಿ ಮುಟ್ಟದೆ, ಅದಲ್ಲದ್ದನ್ನೆಲ್ಲ ಹೊರಗಿಡುವ ಮೂಲಕವಷ್ಟೇ ಸೂಚಿಸುತ್ತದೆಂಬ ಮತ, ಕಲ್ಲಿನಲ್ಲಿ ಅದಕ್ಕೂ ಮೊದಲೇ ಆಗಿಹೋಗಿತ್ತೆನ್ನಬಹುದು. ಅದೇ ಸ್ತೂಪದಲ್ಲಿ ಅಶೋಕನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದ ಫಲಕವೂ ಇದೆ. ಆ ಬರಹವಿಲ್ಲದಿದ್ದರೆ ಅವನು ಪರಿವಾರದೊಡನೆ ನಿಂತ ಯಾರೋ ಒಬ್ಬ ಅರಸನಷ್ಟೇ. ಅದು ಐಡಿ ಪಾಸ್‌ನ ಕೆಲಸ, ಮತ್ತು ವಿದ್ವಾಂಸರಿಗೆ ಅದರಿಂದಾದ ಉಪಕಾರ ಸಣ್ಣದಲ್ಲ.

ಮಾಸ್ಕಿನ ನಿಜವಾದ ಪರೀಕ್ಷೆ ನಡೆಯುವುದು ಅಂಚಿನಲ್ಲಿ. ಬಿಂದು ಎಷ್ಟೇ ಚಿಕ್ಕದಾದರೂ ಅದಕ್ಕೊಂದು ಅಗಲವಿದೆ, ಮತ್ತು ಅಂಚಿನ ಬಿಂದು ಅರ್ಧ ಮುಂದಿನ ಬೆಟ್ಟಕ್ಕೆ, ಅರ್ಧ ಹಿಂದಿನ ಬೆಟ್ಟಕ್ಕೆ ಸೇರಿರುತ್ತದೆ. ಬಣ್ಣದ ಪಾಸ್‌ನಲ್ಲಿ ಎರಡನ್ನೂ ಬೆರೆಸಿ ಸರಾಸರಿ ತೆಗೆದರೆ ಅಂಚು ನಯವಾಗಿ ಕಾಣುತ್ತದೆ, ತಪ್ಪೇನೂ ಇಲ್ಲ. ಡೆಪ್ತ್ ಪಾಸ್‌ನಲ್ಲಿ ಅದೇ ಸರಾಸರಿ ತೆಗೆದರೆ ಏನಾಗುತ್ತದೆಂಬುದನ್ನು ಗಮನಿಸಬೇಕು: ಮುಂದಿನ ಬೆಟ್ಟ 2 ಕಿಲೋಮೀಟರ್ ದೂರದಲ್ಲಿ, ಹಿಂದಿನದು 6 ಕಿಲೋಮೀಟರ್ ದೂರದಲ್ಲಿ ಇದ್ದರೆ, ಅಂಚಿನ ಬಿಂದು 4 ಕಿಲೋಮೀಟರ್ ಎಂದು ಹೇಳುತ್ತದೆ, ಆದರೆ ಅಲ್ಲಿ ಇರುವುದು ಬರಿಯ ಬಯಲು. ಆ ಮಾಸ್ಕಿನಿಂದ ಮಂಜು ಹಾಯಿಸಿದರೆ ಬೆಟ್ಟದ ಸುತ್ತ ಒಂದು ಸುಳ್ಳು ಗೆರೆ ಹೊಳೆಯುತ್ತದೆ. ಐಡಿ ಪಾಸ್‌ನಲ್ಲಿ ತಪ್ಪು ಇನ್ನೂ ಕೆಟ್ಟದ್ದು. ಒಂದು ವಸ್ತುವಿಗೆ 3, ಇನ್ನೊಂದಕ್ಕೆ 7 ಎಂದು ಗುರುತುಸಂಖ್ಯೆ ಕೊಟ್ಟಿದ್ದರೆ ಅಂಚಿನಲ್ಲಿ 5 ಎಂಬ ಸಂಖ್ಯೆ ಬರುತ್ತದೆ; ಅದು ಇವೆರಡಕ್ಕೂ ಸಂಬಂಧವಿಲ್ಲದ ಮೂರನೆಯ ವಸ್ತುವಿನ ಹೆಸರು. ಹಾಗಾಗದಿರಲೆಂದು ಸರಾಸರಿಯನ್ನೇ ಕೈಬಿಟ್ಟು ಪ್ರತಿ ಬಿಂದುವಿಗೂ ಒಂದೇ ಹೆಸರನ್ನು ಹಟದಿಂದ ಹಚ್ಚಿದರೆ ಅಂಚು ಹಲ್ಲುಹಲ್ಲಾಗಿ ಕಿತ್ತುಬರುತ್ತದೆ. ಈ ಇಕ್ಕಟ್ಟಿಗೆ ಸೈಆಪ್ ಎಂಬ ಸ್ಟುಡಿಯೊದ ತಂತ್ರಜ್ಞರು 2015ರಲ್ಲಿ ಪ್ರಕಟಿಸಿದ ಕ್ರಿಪ್ಟೊಮ್ಯಾಟ್ ಒಂದು ಪರಿಹಾರ ಕೊಟ್ಟಿತು. ಅದರಲ್ಲಿ ಪ್ರತಿ ಬಿಂದುವೂ ತನ್ನಲ್ಲಿ ಯಾರ್ಯಾರಿದ್ದಾರೆ, ಒಬ್ಬೊಬ್ಬರದು ಎಷ್ಟೆಷ್ಟು ಪಾಲು ಎಂಬುದನ್ನು ಜೋಡಿಜೋಡಿಯಾಗಿ ಇಟ್ಟುಕೊಳ್ಳುತ್ತದೆ. ಹೆಸರುಗಳನ್ನು ಬೆರೆಸುವುದಿಲ್ಲ, ಪಾಲುಗಳನ್ನು ಬಚ್ಚಿಡುವುದೂ ಇಲ್ಲ.

ಈ ತಿಳಿವಳಿಕೆಗೆ ಅತಿ ಹತ್ತಿರ ಬರುವುದು ಜೈನರ ನಯವಾದ. ವಸ್ತು ಅನಂತ ಧರ್ಮಗಳುಳ್ಳದ್ದು. ಅದರ ಒಂದು ಧರ್ಮವನ್ನು ಒಂದು ನಿಲುವಿನಿಂದ ಹಿಡಿದು, ಉಳಿದವನ್ನು ಅಲ್ಲಗಳೆಯದೆ ಸುಮ್ಮನೆ ಬದಿಗಿಡುವುದು ನಯ. ಹಿಡಿದ ಒಂದೇ ಧರ್ಮವನ್ನು ಇಡೀ ವಸ್ತುವೆಂದು ಸಾರುವುದು ದುರ್ನಯ. ಜೈನ ತರ್ಕಶಾಸ್ತ್ರಕ್ಕೆ ಗಟ್ಟಿಯಾದ ರೂಪ ಕೊಟ್ಟ ಅಕಲಂಕನು ರಾಷ್ಟ್ರಕೂಟರ ಕಾಲದವನು; ಮಳಖೇಡದಿಂದ ಆಳಿದ ಅಮೋಘವರ್ಷನಿಗೆ ಜಿನಸೇನಾಚಾರ್ಯರು ಗುರುಗಳಾಗಿದ್ದರು. ನಯಗಳನ್ನು ಏಳಾಗಿ ಎಣಿಸಿ, ಮೊದಲಿನವು ದ್ರವ್ಯವನ್ನು ಕುರಿತವು, ಆಮೇಲಿನವು ಪರ್ಯಾಯಗಳನ್ನು, ಎಂದರೆ ದ್ರವ್ಯದ ಬದಲಾಗುವ ಅವಸ್ಥೆಗಳನ್ನು, ಕುರಿತವು ಎಂದು ವಿಂಗಡಿಸಿದ ಕ್ರಮ ತುಸು ಪಂಡಿತರ ಗದ್ದಲದಂತೆ ತೋರಿದರೂ, ಡೆಪ್ತ್ ಪಾಸ್ ಮತ್ತು ಸ್ಪೆಕ್ಯುಲರ್ ಪಾಸ್ ಒಂದೇ ಜಾತಿಯ ಸತ್ಯಗಳಲ್ಲವೆಂದು ಅರಿತವನಿಗೆ ಅದರ ಅಗತ್ಯ ಸುಲಭವಾಗಿ ಹೊಳೆಯುತ್ತದೆ. ನಯ ಸುಳ್ಳಲ್ಲ, ಕಲ್ಪನೆಯೂ ಅಲ್ಲ. ಒಂದು ಪ್ರಶ್ನೆಗೆ ವಸ್ತು ಕೊಟ್ಟ ನಿಜವಾದ ಉತ್ತರ. ಆದರೆ ಪ್ರಶ್ನೆಯನ್ನು ಕೇಳಿದವನು ವಸ್ತುವಲ್ಲ. ಭೇದ ವಸ್ತುವಿನದೋ ಬುದ್ಧಿಯದೋ ಎಂಬ ಪ್ರಶ್ನೆಯ ತೊಡಕೇ ಇಲ್ಲಿ ಸಡಿಲವಾಗುತ್ತದೆ, ಏಕೆಂದರೆ ಮಾಸ್ಕ್ ಇಬ್ಬರ ಜಂಟಿ ಸೊತ್ತು. ಅದ್ವೈತಿ ಮಾಸ್ಕನ್ನು ಬೇಗ ಹಿಂದೆಗೆದುಕೊಳ್ಳುವ ಆತುರದಲ್ಲಿ ಅದು ಹೇಳಿದ ನಿಜವನ್ನು ಕಡಿಮೆಯೆಣಿಸುತ್ತಾನೆ; ದ್ವೈತಿ ಅದನ್ನು ವಸ್ತುವಿಗೇ ಕೂಡಿಸಿ, ಕೇಳಿದವನ ನೆಲೆಯನ್ನು ಮರೆಯುತ್ತಾನೆ. ಕ್ಯಾಮೆರಾ ಸರಿದರೆ ಹಿಂದಿನ ಮಾಸ್ಕ್‌ಗಳು ಕೆಲಸಕ್ಕೆ ಬಾರವು, ಮತ್ತೆ ರೆಂಡರ್ ಮಾಡಲೇಬೇಕು. ಆದರೆ ಹಳೆಯ ನೆಲೆಯಿಂದ ಅವು ಹೇಳಿದ್ದು ಸುಳ್ಳಾಗುವುದಿಲ್ಲ.

ತರ್ಕದ ಮಾತು ಇಷ್ಟಾದರೂ ಪ್ರಶ್ನೆ ಬಂಡೆ-ಬೆಟ್ಟಗಳಿಗಷ್ಟೇ ಸಂಬಂಧಪಟ್ಟಿದ್ದರೆ ಇದು ಧರ್ಮದ ಪ್ರಶ್ನೆಯಾಗುತ್ತಿರಲಿಲ್ಲ. ಮನುಷ್ಯರ ಮೇಲೂ ಐಡಿ ಪಾಸ್‌ಗಳು ಓಡಾಡುತ್ತವೆ, ಕುಲ, ಲಿಂಗ, ಮತ, ಊರುಗಳೆಂಬ ಹೆಸರಿನಲ್ಲಿ. 11ನೆಯ ಶತಮಾನದವನೆಂದು ಸಾಮಾನ್ಯವಾಗಿ ಗಣಿಸಲಾಗುವ, ರಾಮನಾಥ ಎಂಬ ಅಂಕಿತದಲ್ಲಿ ವಚನ ಬರೆದ ನೇಕಾರ ದಾಸಿಮಯ್ಯ, ದೇಹದ ಮೇಲಿನ ಒಂದೆರಡು ಚಿಹ್ನೆಗಳನ್ನು ನೋಡಿ ಲೋಕ ಒಬ್ಬರನ್ನು ಹೆಣ್ಣೆಂದೂ ಇನ್ನೊಬ್ಬರನ್ನು ಗಂಡೆಂದೂ ಹೆಸರಿಡುತ್ತದೆ, ಆದರೆ ಒಳಗೆ ಸುಳಿಯುವ ಆತ್ಮಕ್ಕೆ ಅವೆರಡೂ ಇಲ್ಲವೆಂಬ ನಿಲುವನ್ನು ಒಂದು ಪ್ರಸಿದ್ಧ ವಚನದಲ್ಲಿ ಇಟ್ಟಿದ್ದಾನೆ. ಇದನ್ನು ಓದುವವರು ಸಾಮಾನ್ಯವಾಗಿ ಸಮಾನತೆಯ ಘೋಷಣೆಯೆಂದು ಓದುತ್ತಾರೆ, ಅದು ಸರಿಯೇ. ಆದರೆ ಆ ವಾದದ ಕಟ್ಟು ಅದಕ್ಕಿಂತ ಖಚಿತವಾದದ್ದು. ಚಿಹ್ನೆಗಳಿಲ್ಲವೆಂದು ಅವನು ಹೇಳುವುದಿಲ್ಲ. ಚಿಹ್ನೆಗಳಿವೆ, ಅವನ್ನು ನೋಡಿದವರು ಕುರುಡರಲ್ಲ. ಯಾವ ನೆಲೆಯಿಂದ ಆ ಹೆಸರುಗಳು ನಿಜವೋ ಆ ನೆಲೆಯನ್ನು ದೇಹಕ್ಕೆ ಸೀಮಿತಗೊಳಿಸಿ, ಅದೇ ಹೆಸರನ್ನು ಆತ್ಮದ ಮೇಲೆ ಹಾಯಿಸುವ ಅಧಿಕಾರವನ್ನು ಲೋಕದ ಕೈಯಿಂದ ಕಿತ್ತುಕೊಳ್ಳುತ್ತಾನೆ. ಒಂದು ಕ್ಯಾಮೆರಾಕ್ಕೆಂದು ತೆಗೆದ ಮಾಸ್ಕನ್ನು ಇನ್ನೊಂದು ಕ್ಯಾಮೆರಾದ ಚಿತ್ರದ ಮೇಲಿಟ್ಟರೆ ಆಗುವ ಪ್ರಮಾದವನ್ನು ಇದಕ್ಕಿಂತ ಕಡಿಮೆ ಮಾತಿನಲ್ಲಿ ಹೇಳುವುದು ಕಷ್ಟ.

ಜೈನ ತಾರ್ಕಿಕನಿಗಿಂತ ದಾಸಿಮಯ್ಯ ಒಂದು ಹೆಜ್ಜೆ ಮುಂದೆ ಹೋಗುವುದೂ ಇಲ್ಲಿಯೇ. ನಯವಾದಿ ಎಲ್ಲ ನೆಲೆಗಳಿಗೂ ಅವುಗಳ ಪಾಲನ್ನು ಸಮಚಿತ್ತದಿಂದ ಹಂಚಿ ಸುಮ್ಮನಾಗುತ್ತಾನೆ. ಯಾವ ಮಾಸ್ಕ್ ಯಾರ ಮೇಲೆ ಯಾವ ಉದ್ದೇಶಕ್ಕಾಗಿ ಇಡಲ್ಪಟ್ಟಿದೆ ಎಂಬ ಪ್ರಶ್ನೆ ಅವನಿಗೆ ತರ್ಕದ ಹೊರಗಿನದು. ಬಂಡೆಯ ಮೇಲೆ ದೂಳು ತಪ್ಪಾಗಿ ಕೂತರೆ ಬಂಡೆಗೆ ನೋವಾಗದು, ಆದ್ದರಿಂದ ಕಾಂಪೊಸಿಟಿಂಗ್ ಕಸುಬಿಗೂ ಆ ಪ್ರಶ್ನೆ ಬೇಕಾಗಿಲ್ಲ. ಮನುಷ್ಯರ ವಿಷಯದಲ್ಲಿ ಅದನ್ನು ಕೇಳದೆ ಬಿಡುವಂತಿಲ್ಲ, ಮತ್ತು ಅದನ್ನು ಕೇಳಿದ ಮೊದಲ ಕನ್ನಡ ದನಿಗಳಲ್ಲಿ ಒಂದು ಮುದನೂರಿನದು. ಭೇದದ ಕುರಿತ ಚರ್ಚೆಯನ್ನು ಶಂಕರ-ಮಧ್ವರ ನಡುವಿನ ವಾದವೆಂದಷ್ಟೇ ಕಲಿಸುವ ನಮ್ಮ ತತ್ತ್ವಶಾಸ್ತ್ರದ ಪಠ್ಯಗಳು ದಾಸಿಮಯ್ಯನನ್ನು ಸಾಹಿತ್ಯದ ವಿಭಾಗಕ್ಕೆ ಬಿಟ್ಟುಕೊಟ್ಟದ್ದು ಸರಿಯಲ್ಲ. ಅವನಿಗೆ ಆ ಪಠ್ಯಗಳಲ್ಲಿ ಒಂದು ಅಧ್ಯಾಯ ಸಲ್ಲಬೇಕು.